ಹತ್ತಿಯಿಂದ ಬ್ಯಾಟರಿ ಸೆಪರೇಟರ್ ಮಾಡಿ ನೋಡಿ

ಬ್ಯಾಟರಿ ಅಂಗಡಿಯಲ್ಲಿ ಕೆಲಸ ಮಾಡುವವರ ಪ್ಯಾಂಟು ನೋಡಿದ್ದೀರಾ? ಹತ್ತಿ ಬಟ್ಟೆಯದ್ದಾದರೆ ತೊಡೆಯ ಮೇಲೆ, ಮೊಣಕಾಲಿನ ಹತ್ತಿರ ಸಣ್ಣ ಸಣ್ಣ ತೂತುಗಳಿರುತ್ತವೆ. ಆಸಿಡ್ ಹನಿ ಬಿದ್ದ ಹೊತ್ತಿಗೆ ಏನೂ ಕಾಣುವುದಿಲ್ಲ. ಹನಿಯಲ್ಲಿನ ನೀರು ಆರುತ್ತಾ ಹೋದ ಹಾಗೆ ಆಸಿಡ್ ಗಟ್ಟಿಯಾಗುತ್ತದೆ, ಒಂದೆರಡು ಸಲ ಒಗೆದ ಮೇಲೆ ಆ ಜಾಗದ ನೂಲು ಪುಡಿಯಾಗಿ ಉದುರುತ್ತದೆ. ಪಕ್ಕದಲ್ಲೇ ಪಾಲಿಯೆಸ್ಟರ್ ಪ್ಯಾಂಟು ಹಾಕಿಕೊಂಡವನದ್ದು ಚೆನ್ನಾಗಿಯೇ ಇರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಇನ್ವರ್ಟರ್ ಬ್ಯಾಟರಿ ಬಿಚ್ಚಿ ಕಟ್ಟುವ ಕೆಲಸ ಕಲಿಯುವಾಗ ಸೆಪರೇಟರ್, ಅಂದರೆ ಬ್ಯಾಟರಿಯ ಪ್ಲೇಟುಗಳ ನಡುವೆ ಇಡುವ ಹಾಳೆ, ಅದರ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಇದೇ. ಯಾವ ದ್ರವದಲ್ಲಿ ಇಡುತ್ತೀರಿ ಅನ್ನುವುದು ಮೊದಲು, ಯಾವ ಹಾಳೆ ಅನ್ನುವುದು ಆಮೇಲೆ.

ಈಗ ನನ್ನ ಹತ್ತಿರ ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಅಂತ ಬರುತ್ತಾರೆ. ಪ್ಲೇಟಿನ ಬಗ್ಗೆ ಕೇಳುತ್ತಾರೆ, ಲಿಥಿಯಂ ಬಗ್ಗೆ ಕೇಳುತ್ತಾರೆ. ಸೆಪರೇಟರ್ ಅಂದರೆ, "ಅದು ನಡುವ ಇಡೋ ಪ್ಲಾಸ್ಟಿಕ್ ಅಲ್ರೀ ಸರ, ಅದರಾಗೇನೈತ್ರಿ?" ಅಂತಾರೆ. ಎರಡು ಪ್ಲೇಟು ಒಂದಕ್ಕೊಂದು ತಾಗಬಾರದು, ಆದರೆ ನಡುವಿನ ದ್ರವದಲ್ಲಿ ಅಯಾನುಗಳು ಓಡಾಡುತ್ತಲೇ ಇರಬೇಕು. ತಡೆಯುವ ಕೆಲಸ, ದಾರಿ ಬಿಡುವ ಕೆಲಸ ಎರಡನ್ನೂ ಒಂದೇ ತೆಳು ಹಾಳೆ ಮಾಡಬೇಕು. ಇದನ್ನು ಬಾಯಿಂದ ಹೇಳಿದರೆ ಯಾರಿಗೂ ನಾಟುವುದಿಲ್ಲ. ಅದಕ್ಕೇ ನಾನು ಎಲ್ಲರ ಕೈಯಲ್ಲೂ ಮೊದಲು ಒಂದು ಹಾಳೆ ಮಾಡಿಸುತ್ತೇನೆ. ನಮ್ಮ ಕಡೆ ಹತ್ತಿಗೇನೂ ಬರವಿಲ್ಲ. ನೀವೂ ಮಾಡಿ.

ಮೊದಲು ದ್ರವ, ಆಮೇಲೆ ಹಾಳೆ

ಸೀಸ-ಆಸಿಡ್ ಬ್ಯಾಟರಿಗೆ ಬರಿ ಹತ್ತಿ ಹಾಳೆ ಹಾಕಲೇಬೇಡಿ. ಕಾರಣ ಪ್ಯಾಂಟಿನಲ್ಲೇ ಇದೆ. ಹಿಂದೆ ಕಾರಿನ ಬ್ಯಾಟರಿಗಳಲ್ಲಿ ಕಟ್ಟಿಗೆಯ ತೆಳು ಹಲಗೆಯನ್ನೇ ಸೆಪರೇಟರ್ ಆಗಿ ಬಳಸುತ್ತಿದ್ದರು. ಆಮೇಲೆ ರಬ್ಬರ್ ಬಂತು, ಫೀನಾಲ್ ರೆಸಿನ್ ಕುಡಿಸಿದ ಕಾಗದ ಬಂತು. ಆ ಕಾಗದವೂ ಸೆಲ್ಯುಲೋಸೇ, ಅಂದರೆ ಹತ್ತಿಯ ಜಾತಿಯೇ, ಆದರೆ ರೆಸಿನ್ ನಾರಿನ ಸುತ್ತ ಕವಚ ಕಟ್ಟಿ ಆಸಿಡ್ ತಾಗದ ಹಾಗೆ ಕಾಯುತ್ತಿತ್ತು. ಈಗ ಮುಖ್ಯವಾಗಿ ಸಿಗುವುದು ಮೂರು. ಒಂದು, ಪಿವಿಸಿ ಪುಡಿಯನ್ನು ಪಟ್ಟಿಯ ಮೇಲೆ ಹರಡಿ, ಪೂರ್ತಿ ಕರಗದ ಹಾಗೆ ಬಿಸಿ ಮಾಡಿ, ಕಣಗಳು ಒಂದಕ್ಕೊಂದು ಅಂಟುವಂತೆ ಮಾಡಿದ ಗಡುಸು ಹಾಳೆ. ಬಗ್ಗಿಸಿದರೆ ಟಪ್ ಅಂತ ಮುರಿಯುತ್ತದೆ. ಎರಡು, ಪಾಲಿಎಥಿಲೀನಿನ ಮೆತ್ತನೆ ಹಾಳೆ. ಇದನ್ನು ಚೀಲದ ಹಾಗೆ ಮಡಚಿ ಪ್ಲೇಟನ್ನು ಒಳಗೆ ಇಳಿಸುತ್ತಾರೆ. ಪ್ಲೇಟಿನಿಂದ ಉದುರಿದ ಪುಡಿ ಚೀಲದೊಳಗೇ ಉಳಿಯುತ್ತದೆ, ತಳಕ್ಕೆ ಬಿದ್ದು ಶಾರ್ಟ್ ಆಗುವುದಿಲ್ಲ. ಮೂರು, ಗಾಜಿನ ನಾರಿನ ಮೆತ್ತೆ. ನೀರು ಹಾಕುವ ಗೋಜಿಲ್ಲದ ಸೀಲ್ಡ್ ಬ್ಯಾಟರಿಗಳಲ್ಲಿ ಇರುವ ಬಿಳಿ ಮೆತ್ತೆ ಅದೇ. ಇನ್ನು ಟ್ಯೂಬುಲರ್ ಬ್ಯಾಟರಿ ಬಿಚ್ಚಿದಾಗ ಪಾಸಿಟಿವ್ ಪ್ಲೇಟಿಗೆ ಹಾಕಿದ ಕೊಳವೆ ಸಾಲು ಕಾಣುತ್ತದಲ್ವಾ, ಅದು ಪಾಲಿಯೆಸ್ಟರ್ ಬಟ್ಟೆ. ಅದು ಸೆಪರೇಟರ್ ಅಲ್ಲ, ಒಳಗಿನ ಸೀಸದ ಪುಡಿ ಉದುರದಂತೆ ಹಿಡಿಯುವ ಚೀಲ. ಸೆಪರೇಟರ್ ಅದರ ಹೊರಗೆ ಬೇರೆ ಇರುತ್ತದೆ.

ಟಾರ್ಚಿಗೆ ಹಾಕುವ ಸಾದಾ ಜಿಂಕ್-ಕಾರ್ಬನ್ ಸೆಲ್ಲಿನಲ್ಲಿ ಗಂಜಿ ಹಚ್ಚಿದ ಕಾಗದ ಇರುತ್ತದೆ. ಆಲ್ಕಲೈನ್ ಸೆಲ್ಲಿನಲ್ಲಿ ಸೆಲ್ಯುಲೋಸ್ ನಾರು ಮತ್ತು ಪಾಲಿವಿನೈಲ್ ಆಲ್ಕೊಹಾಲ್ ನಾರು ಕೂಡಿಸಿ ಮಾಡಿದ, ನೇಯದ ಬಟ್ಟೆಯಂಥ ಹಾಳೆ. ನಿಕಲ್ ಸೆಲ್ಲುಗಳಲ್ಲಿ ಪಾಲಿಪ್ರೊಪಿಲೀನ್ ನಾರಿನದು. ಅಂದರೆ ಹತ್ತಿಗೆ ಇಲ್ಲಿ ನಿಜವಾದ ಜಾಗವಿದೆ. ನಾವು ಮಾಡುವ ಹಾಳೆಯನ್ನು ಜಿಂಕ್-ಕಾರ್ಬನ್ ಸೆಲ್ಲಿಗೇ ಹಾಕೋಣ.

ಲಿಥಿಯಂ ಸೆಲ್ಲಿಗೆ ಮಾತ್ರ ಈ ಕೈಹಾಳೆ ಹಾಕಲು ಹೋಗಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಮಾಮೂಲಿ ಗಾಳಿಯಲ್ಲಿ ಇಟ್ಟ ಹತ್ತಿಯಲ್ಲಿ ತೂಕದ ನೂರಕ್ಕೆ 7-8 ಭಾಗ ನೀರೇ ಇರುತ್ತದೆ ಅನ್ನಿ. ಲಿಥಿಯಂ ಸೆಲ್ಲಿನ ದ್ರವದಲ್ಲಿರುವ ಉಪ್ಪು ಆ ನೀರಿನ ಜೊತೆ ಸೇರಿದರೆ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತದೆ. ಅದು ಸೆಲ್ಲಿಗೂ ಕೆಟ್ಟದ್ದು, ನಮಗೂ ಕೆಟ್ಟದ್ದು.

ಹಾಳೆ ಮಾಡುವುದು

ಎಲ್ಲಕ್ಕಿಂತ ಸುಲಭ ಅಂದರೆ ಔಷಧಿ ಅಂಗಡಿಯ ಸರ್ಜಿಕಲ್ ಹತ್ತಿ. ಹೊಲದಿಂದ ಬಂದ ಹತ್ತಿಯ ನಾರಿನ ಮೇಲೆ ಮೇಣದ ತೆಳು ಪದರ ಇರುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ. ಸರ್ಜಿಕಲ್ ಹತ್ತಿಯ ಮೇಣ ತೆಗೆದಿರುತ್ತಾರೆ, ಅದು ಕೆಲವೇ ಸೆಕೆಂಡುಗಳಲ್ಲಿ ಮುಳುಗುತ್ತದೆ. ಎರಡನ್ನೂ ಒಂದೊಂದು ಲೋಟ ನೀರಿಗೆ ಹಾಕಿ ನೋಡಿ. ಸೆಪರೇಟರ್ ದ್ರವವನ್ನು ಹೀರಿಕೊಳ್ಳಬೇಕು ಅನ್ನುವ ಮಾತು ಅಲ್ಲೇ ಕಣ್ಣಿಗೆ ಕಾಣುತ್ತದೆ.

ಹೊಲದ ಹತ್ತಿಯಿಂದಲೇ ಮಾಡಬೇಕು ಅನ್ನುವವರು ಒಂದು ಲೀಟರ್ ನೀರಿಗೆ 20 ಗ್ರಾಂ ವಾಷಿಂಗ್ ಸೋಡಾ ಹಾಕಿ, ಹತ್ತಿ ಪೂರ್ತಿ ಮುಳುಗಿರುವಂತೆ ಒಂದೆರಡು ಗಂಟೆ ಕುದಿಸಿ. ಸ್ಟೀಲ್ ಪಾತ್ರೆ ಬಳಸಿ, ಅಲ್ಯೂಮಿನಿಯಂ ಬೇಡ, ಸೋಡಾ ಅದನ್ನು ತಿನ್ನುತ್ತದೆ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ತೊಳೆಯಿರಿ, ಮತ್ತೆ ತೊಳೆಯಿರಿ. ಸೋಡಾ ಹೋಯಿತೋ ಇಲ್ಲವೋ ತಿಳಿಯಲು ಹಿಂಡಿದ ನೀರಿಗೆ ಚಿಟಿಕೆ ಅರಿಶಿನ ಹಾಕಿ. ಕೆಂಪಾದರೆ ಇನ್ನೂ ಇದೆ, ಹಳದಿಯಾಗೇ ಉಳಿದರೆ ಸಾಕು. ಇದನ್ನು ಅರ್ಜೆಂಟಿನಲ್ಲಿ ಬಿಟ್ಟರೆ ಮುಂದೆ ಸೆಲ್ ಕಟ್ಟುವಾಗ ತೊಂದರೆಯಾಗುತ್ತದೆ. ಸೆಲ್ಲಿಗೆ ಹಾಕುವ ನವಸಾಗರದ (ಅಮೋನಿಯಂ ಕ್ಲೋರೈಡ್) ನೀರು ತಾಗಿದ ಕೂಡಲೇ ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ.

ಯಾವ ಹತ್ತಿ ಒಳ್ಳೆಯದು? ಇದು ನನಗೆ ಬಹಳ ಇಷ್ಟದ ವಿಷಯ. ಧಾರವಾಡದಿಂದ 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಬಂತು, ಆಮೇಲೆ ಡಿಸಿಎಚ್-32 ಬಂತು. ಇವು ಉದ್ದ ನಾರಿಗೆ ಹೆಸರಾದ ಹತ್ತಿಗಳು. ಮಿಲ್ಲಿನವರು ಉದ್ದ ನಾರಿಗೆ ದುಡ್ಡು ಜಾಸ್ತಿ ಕೊಡುತ್ತಾರೆ. ಆದರೆ ಹಾಳೆ ಮಾಡುವವರಿಗೆ ಉದ್ದ ನಾರೇ ತೊಂದರೆ. ನೀರಿನಲ್ಲಿ ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತದೆ, ಗಂಟಿದ್ದ ಕಡೆ ಹಾಳೆ ದಪ್ಪ, ಅದರ ಪಕ್ಕದಲ್ಲೇ ತೂತು. ನಮಗೆ ಬೇಕಾದದ್ದು ನಾಲ್ಕೈದು ಮಿಲಿಮೀಟರ್ ನಾರು. ಜಿನ್ನಿಂಗ್ ಆದ ಮೇಲೂ ಹತ್ತಿಕಾಳಿಗೆ ಅಂಟಿಕೊಂಡಿರುವ ನವಿರು ನಾರಿದೆಯಲ್ಲ, ಅದು ಹೇಳಿ ಮಾಡಿಸಿದ ಹಾಗೆ ಅಷ್ಟೇ ಉದ್ದ ಇರುತ್ತದೆ. ಕಾರ್ಖಾನೆಗಳಲ್ಲಿ ಸೆಲ್ಯುಲೋಸ್ ತಿರುಳಿಗೆ ಬಳಸುವುದೂ ಅದನ್ನೇ. ಗದಗ, ಹುಬ್ಬಳ್ಳಿ, ರಾಣೆಬೆನ್ನೂರು ಕಡೆ ಜಿನ್ನಿಂಗ್ ಅಥವಾ ಎಣ್ಣೆ ಮಿಲ್ಲಿನವರ ಪರಿಚಯ ಇದ್ದರೆ ಒಂದು ಚೀಲ ಕೇಳಿ ನೋಡಿ. ಸಿಗದಿದ್ದರೆ ಸರ್ಜಿಕಲ್ ಹತ್ತಿಯನ್ನೇ ಕತ್ತರಿಯಿಂದ ಸಣ್ಣಗೆ ಕತ್ತರಿಸಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಕತ್ತರಿಸದೆ ಮಿಕ್ಸರಿಗೆ ಹಾಕಿದರೆ ಬ್ಲೇಡಿಗೆ ಸುತ್ತಿಕೊಂಡು ಮೋಟಾರ್ ಸುಡುತ್ತದೆ. ಮಿಕ್ಸರ್ ಅಂದೆ, ಅಡುಗೆಮನೆಯದ್ದು ಮುಟ್ಟಬೇಡಿ, ಹಳೆಯದೊಂದನ್ನು ಇದಕ್ಕೇ ಅಂತ ಬೇರೆ ಇಟ್ಟುಕೊಳ್ಳಿ.

ಕತ್ತರಿಸಿದ 5 ಗ್ರಾಂ ಹತ್ತಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಸ್ವಲ್ಪ ಸ್ವಲ್ಪವೇ ಹಾಕಿ, ಅರ್ಧ ನಿಮಿಷ ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ, ಹೀಗೆ ಒಟ್ಟು ಹತ್ತು ಹದಿನೈದು ನಿಮಿಷ ಆಗಬೇಕು. ತಿರುಳನ್ನು ಗಾಜಿನ ಲೋಟದ ನೀರಿಗೆ ಒಂದು ಚಮಚ ಹಾಕಿ ಬೆಳಕಿಗೆ ಹಿಡಿಯಿರಿ. ತೆಳು ಮೋಡದ ಹಾಗೆ ಹರಡಿದರೆ ಸರಿ. ಗಂಟುಗಳು ಕಂಡರೆ ಇನ್ನೂ ಅರೆಯಬೇಕು.

ಸೋಸಲು ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ಸಿಗುವ ಜಾಳಿಗೆ ಬಟ್ಟೆ ತಂದು ಕಟ್ಟಿಗೆಯ ಚೌಕಟ್ಟಿಗೆ ಬಿಗಿಯಾಗಿ ಹೊಡೆಯಿರಿ. ಒಳ ಅಳತೆ 15 ಸೆಂ.ಮೀ. ಚೌಕ ಇರಲಿ, ಲೆಕ್ಕಕ್ಕೆ ಸುಲಭ. ಮೇಲೆ ಅದೇ ಅಳತೆಯ ಇನ್ನೊಂದು ಖಾಲಿ ಚೌಕಟ್ಟು ಗೋಡೆಯ ಹಾಗೆ ಇಡಿ. ಟಬ್ಬಿನಲ್ಲಿ ನೀರು ತುಂಬಿ ಚೌಕಟ್ಟನ್ನು ಮುಳುಗಿಸಿ, ಒಂದು ಗ್ರಾಂ ನಾರು ಇರುವಷ್ಟು ತಿರುಳು (ಅಂದರೆ 200 ಮಿ.ಲೀ.) ಒಳಗೆ ಸುರಿದು, ಕೈಯಿಂದ ಮೆಲ್ಲಗೆ ಕಲಕಿ, ನೀರು ನಿಂತ ಮೇಲೆ ಸಮನಾಗಿ ಮೇಲೆತ್ತಿ. ಎತ್ತುವಾಗ ಒಂದು ಕಡೆ ವಾಲಿದರೆ ಹಾಳೆ ಆ ಕಡೆ ದಪ್ಪವಾಗುತ್ತದೆ. ಮೊದಲ ಮೂರ್ನಾಲ್ಕು ಹಾಳೆ ಕೆಡುತ್ತವೆ, ಪರವಾಗಿಲ್ಲ, ತಿರುಳನ್ನು ಮತ್ತೆ ನೀರಿಗೆ ಹಾಕಿದರಾಯಿತು.

ಒದ್ದೆ ಹಾಳೆಯನ್ನು ಖಾದಿ ಬಟ್ಟೆಯ ಮೇಲೆ ಬೋರಲು ಹಾಕಿ, ಹಿಂದಿನಿಂದ ಜಾಳಿಗೆಗೆ ಸ್ಪಂಜು ಒತ್ತಿ ಬಿಡಿಸಿ. ನಾನು ಖಾದಿಯನ್ನೇ ಬಳಸುತ್ತೇನೆ, ಕೈನೂಲಿನ ಬಟ್ಟೆ ನೀರು ಚೆನ್ನಾಗಿ ಎಳೆದುಕೊಳ್ಳುತ್ತದೆ. ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವ ಊರಿನವರು ನಾವು, ಖಾದಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮೇಲೆ ಇನ್ನೊಂದು ಬಟ್ಟೆ ಮುಚ್ಚಿ, ಎರಡು ಪ್ಲೈವುಡ್ ನಡುವೆ ಇಟ್ಟು, ನಾಲ್ಕೈದು ಸಿಮೆಂಟ್ ಇಟ್ಟಿಗೆ ಹೇರಿ ಒಂದು ಗಂಟೆ ಬಿಡಿ. ಬುಕ್ ಬೈಂಡಿಂಗ್ ಪ್ರೆಸ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊನೆಗೆ ಬಟ್ಟೆಯ ಸಮೇತ ಇಸ್ತ್ರಿ ಹಾಕಿ ಒಣಗಿಸಿ.

ಲೆಕ್ಕ ಹೀಗೆ. 15 ಸೆಂ.ಮೀ. ಚೌಕಕ್ಕೆ ಒಂದು ಗ್ರಾಂ ಅಂದರೆ ಚದರ ಮೀಟರಿಗೆ ಸುಮಾರು 44 ಗ್ರಾಂ. ಒತ್ತಿದ ಹಾಳೆ ನೂರರಿಂದ ನೂರಿಪ್ಪತ್ತು ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.) ದಪ್ಪ ಬರಬೇಕು. ಎರಡು ಗ್ರಾಮಿನ ಒಂದೇ ಹಾಳೆ ಮಾಡುವುದಕ್ಕಿಂತ ಒಂದು ಗ್ರಾಮಿನ ಎರಡು ಹಾಳೆ ಜೋಡಿಸಿ ಹಾಕುವುದು ಮೇಲು. ಒಂದರ ತೂತು ಇನ್ನೊಂದರ ತೂತಿನ ಮೇಲೆಯೇ ಬರುವ ಸಾಧ್ಯತೆ ಬಹಳ ಕಡಿಮೆ.

ಒಂದು ಮುಖಕ್ಕೆ ಗಂಜಿ ಹಚ್ಚಬೇಕು. 5 ಗ್ರಾಂ ಕಾರ್ನ್‌ಫ್ಲೋರ್ 100 ಮಿ.ಲೀ. ನೀರಿನಲ್ಲಿ ಕಲಸಿ, ಪಾರದರ್ಶಕ ಆಗುವ ತನಕ ಕಾಸಿ, ಬ್ರಷ್ಷಿನಿಂದ ತೆಳ್ಳಗೆ ಒಂದೇ ಕೈ. ಸೆಲ್ಲಿನಲ್ಲಿ ಈ ಮುಖ ಜಿಂಕ್ ಕಡೆಗಿರಬೇಕು. ಗಂಜಿ ದ್ರವ ಹೀರಿ ಉಬ್ಬಿ ಜಿಂಕಿಗೆ ಅಂಟಿಕೊಂಡು, ನಡುವೆ ಗಾಳಿ ಉಳಿಯದಂತೆ ಮಾಡುತ್ತದೆ. ಗಂಜಿ ಹಚ್ಚಿದ ಹಾಳೆಯನ್ನು ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಹೊರಗೆ ಬಿಡಬೇಡಿ, ಬೂಸ್ಟು ಹಿಡಿಯುತ್ತದೆ. ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಇಡಿ.

ಪರೀಕ್ಷೆ

ಇದು ನಿಮ್ಮ ಹಾಳೆಗೂ ಆಗುತ್ತದೆ, ಅಂಗಡಿಯಿಂದ ತಂದ ಹಾಳೆಗೂ ಆಗುತ್ತದೆ. ಗಂಜಿ ಹಚ್ಚುವ ಮೊದಲೇ ಮಾಡಿಕೊಳ್ಳಿ.

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಹಾಳೆ ಹಿಡಿಯಿರಿ. ಸೂಜಿಮೊನೆಯಂಥ ಚುಕ್ಕೆ ಹೊಳೆದರೆ ಪೆನ್ಸಿಲಿನಿಂದ ಸುತ್ತು ಹಾಕಿ, ಆ ಭಾಗ ಬಿಟ್ಟು ಕತ್ತರಿಸಿ. ದಪ್ಪ ಅಳೆಯಲು ಸ್ಕ್ರೂ ಗೇಜ್, ಐದು ಕಡೆ ಅಳೆದು ಸರಾಸರಿ ತೆಗೆಯಿರಿ. ತುಂಬಾ ಬಿಗಿ ತಿರುಗಿಸಿದರೆ ಹಾಳೆ ಅದುಮಿ ದಪ್ಪ ಕಡಿಮೆ ತೋರಿಸುತ್ತದೆ.

ಖಾಲಿ ಜಾಗ ಎಷ್ಟಿದೆ ಅನ್ನುವುದು ತಕ್ಕಡಿಯಿಂದಲೇ ಗೊತ್ತಾಗುತ್ತದೆ. 5 ಸೆಂ.ಮೀ. ಚೌಕದ, 100 ಮೈಕ್ರಾನ್ ದಪ್ಪದ ತುಂಡಿನ ಗಾತ್ರ 0.25 ಘನ ಸೆಂ.ಮೀ. ಅದರ ತೂಕ 0.1 ಗ್ರಾಂ ಬಂತು ಅನ್ನೋಣ. ಸೆಲ್ಯುಲೋಸಿನ ಸಾಂದ್ರತೆ ಸುಮಾರು 1.5, ಹಾಗಾಗಿ ನಾರು ಹಿಡಿದ ಜಾಗ 0.067. ಉಳಿದದ್ದೆಲ್ಲ ಖಾಲಿ, ಅಂದರೆ ಸುಮಾರು ಶೇ. 73. ಲಿಥಿಯಂ ಸೆಲ್ಲಿನ ಹಾಳೆಯಲ್ಲಿ ಇದು ಶೇ. 40ರ ಆಸುಪಾಸು, ಸೀಸದ ಬ್ಯಾಟರಿಯ ಪಾಲಿಎಥಿಲೀನ್ ಹಾಳೆಯಲ್ಲಿ ಶೇ. 60ರ ಹತ್ತಿರ, ಗಾಜಿನ ಮೆತ್ತೆಯಲ್ಲಿ ಶೇ. 90ಕ್ಕಿಂತ ಜಾಸ್ತಿ. ಹಾಗಂತ ಖಾಲಿ ಜಾಗ ಜಾಸ್ತಿ ಇದ್ದದ್ದೇ ಒಳ್ಳೆಯ ಹಾಳೆ ಅಂದುಕೊಳ್ಳಬೇಡಿ. ಒಂದೊಂದು ತೂತಿನ ಅಗಲ ಎಷ್ಟು ಅನ್ನುವುದೂ ಅಷ್ಟೇ ಮುಖ್ಯ. ಕೈಹಾಳೆಯ ತೂತುಗಳು ಹತ್ತಾರು ಮೈಕ್ರಾನ್ ಇರುತ್ತವೆ, ಒಳ್ಳೆಯ ಪಾಲಿಎಥಿಲೀನ್ ಹಾಳೆಯಲ್ಲಿ ಅದು 0.1 ಮೈಕ್ರಾನ್ ಹತ್ತಿರ. ಸೋಸುವ ಸೀರೆಬಟ್ಟೆಗೂ ರವೆ ಜರಡಿಗೂ ಇರುವ ಅಂತರಕ್ಕಿಂತ ದೊಡ್ಡ ಅಂತರ ಇದು.

ಇದನ್ನೇ ಗಾಳಿಯಿಂದ ಅಳೆಯುತ್ತಾರೆ. ಕಾರ್ಖಾನೆಗಳಲ್ಲಿ ಗರ್ಲಿ ಅನ್ನುವ ಉಪಕರಣವಿದೆ. 100 ಮಿ.ಲೀ. ಗಾಳಿ ಗೊತ್ತಾದ ಒತ್ತಡದಲ್ಲಿ ಹಾಳೆ ದಾಟಲು ಎಷ್ಟು ಸೆಕೆಂಡು ಬೇಕು ಅಂತ ನೋಡುತ್ತಾರೆ. ಲಿಥಿಯಂ ಹಾಳೆಗೆ ನೂರರಿಂದ ಮುನ್ನೂರು ಸೆಕೆಂಡು ಸಾಮಾನ್ಯ. ನಿಮ್ಮ ಹತ್ತಿ ಹಾಳೆಯಲ್ಲಿ ಗಾಳಿ ನೋಡನೋಡುತ್ತಲೇ ದಾಟುತ್ತದೆ. ಮನೆಯಲ್ಲಿ ದೊಡ್ಡ ಸಿರಿಂಜಿನ ಬಾಯಿಗೆ ಹಾಳೆ ಬಿಗಿದು, ಪಿಸ್ಟನ್ ಮೇಲೆ ಒಂದೇ ತೂಕ ಇಟ್ಟು ಸಮಯ ನೋಡಬಹುದು. ಬಂದ ಅಂಕಿಯನ್ನು ಗರ್ಲಿ ಅಂತ ಬರೆಯಬೇಡಿ, ಒಂದು ಹಾಳೆಗೂ ಇನ್ನೊಂದಕ್ಕೂ ಹೋಲಿಸಲು ಮಾತ್ರ ಇಟ್ಟುಕೊಳ್ಳಿ.

ಕೊಂಡು ತಂದ ಪ್ಲಾಸ್ಟಿಕ್ ಹಾಳೆಗೆ ಇನ್ನೆರಡು ಪರೀಕ್ಷೆ. ಅಂಚಿಗೆ ಕತ್ತರಿಯಿಂದ ಸಣ್ಣ ಗೀರು ಹಾಕಿ, ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಿ. ಒಂದು ದಿಕ್ಕಿಗೆ ಸರ್ರನೆ ನೇರ ಹರಿದು, ಇನ್ನೊಂದು ದಿಕ್ಕಿಗೆ ಹಟ ಮಾಡಿದರೆ ಅದು ಒಂದೇ ಕಡೆ ಎಳೆದು ಮಾಡಿದ ಹಾಳೆ. ಎರಡೂ ದಿಕ್ಕಿಗೆ ಗಟ್ಟಿ ಇದ್ದರೆ ಎರಡೂ ಕಡೆ ಎಳೆದದ್ದು. ಎರಡನೆಯದು, 10 ಸೆಂ.ಮೀ. ಚೌಕ ಕತ್ತರಿಸಿ, ಎರಡು ಕಾಗದದ ನಡುವೆ ಇಟ್ಟು, ಕಾಲೇಜಿನ ಲ್ಯಾಬಿನ ಓವನ್ನಿನಲ್ಲಿ 105 ಡಿಗ್ರಿಗೆ ಒಂದು ಗಂಟೆ ಬಿಡಿ. ಅಳತೆ ಅರ್ಧ ಸೆಂ.ಮೀ.ಗಿಂತ ಜಾಸ್ತಿ ಕುಗ್ಗಿದರೆ ನಾನು ಆ ಹಾಳೆ ತೆಗೆದುಕೊಳ್ಳುವುದಿಲ್ಲ. ಸೆಲ್ ಬಿಸಿಯಾದಾಗ ಹಾಳೆ ಕುಗ್ಗಿ ಅಂಚಿನಲ್ಲಿ ಪ್ಲೇಟುಗಳು ಬಯಲಾದರೆ ಅಲ್ಲೇ ಶಾರ್ಟ್.

ಕಾರ್ಖಾನೆಯಲ್ಲಿ ತೂತು ಮಾಡುವ ಬಗೆ

ನೀವು ಈಗ ಮಾಡಿದ್ದು ನೀರಿನಲ್ಲಿ ನಾರು ಹರಡಿ ಸೋಸುವ ವಿಧಾನ. ಗಾಜಿನ ಮೆತ್ತೆ ಮಾಡುವುದೂ ಹೀಗೆಯೇ. ಸುಮಾರು ಒಂದು ಮೈಕ್ರಾನ್ ದಪ್ಪದ ಗಾಜಿನ ನಾರನ್ನು ಸ್ವಲ್ಪ ಆಸಿಡ್ ಬೆರೆಸಿದ ನೀರಿನಲ್ಲಿ ಕದಡಿ, ಓಡುವ ಜಾಳಿಗೆಯ ಮೇಲೆ ಸುರಿದು ಒಣಗಿಸುತ್ತಾರೆ. ಆಸಿಡ್ ಯಾಕೆ ಅಂದರೆ ಗಾಜಿನ ನಾರು ಅದರಲ್ಲಿ ಗಂಟು ಕಟ್ಟದೆ ಬಿಡಿಬಿಡಿಯಾಗಿ ಹರಡುತ್ತದೆ.

ಪ್ಲಾಸ್ಟಿಕ್ ಹಾಳೆಯ ಕಥೆ ಬೇರೆ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕೋಟಿಗಟ್ಟಲೆ ಕಣ್ಣಿಗೆ ಕಾಣದ ತೂತು ಹೇಗೆ ಮಾಡುತ್ತೀರಿ? ಸೂಜಿಯಿಂದ ಚುಚ್ಚಿ ಅಲ್ಲ. ಎರಡು ದಾರಿ ಇವೆ.

ಒಣ ವಿಧಾನದಲ್ಲಿ ಪಾಲಿಪ್ರೊಪಿಲೀನನ್ನು ಕರಗಿಸಿ ಅಗಲ ಬಾಯಿಯ ಅಚ್ಚಿನಿಂದ ಹಾಳೆಯಾಗಿ ಹೊರಗೆ ತಂದು, ತಣ್ಣಗಾಗುವ ಮೊದಲೇ ಜೋರಾಗಿ ಎಳೆಯುತ್ತಾರೆ. ಹೀಗೆ ಎಳೆದಾಗ ಪ್ಲಾಸ್ಟಿಕ್ಕಿನ ಹರಳುಗಳು ತಟ್ಟೆ ಜೋಡಿಸಿಟ್ಟ ಹಾಗೆ ಸಾಲಾಗಿ ನಿಲ್ಲುತ್ತವೆ. ಕರಗುವುದಕ್ಕಿಂತ ಸ್ವಲ್ಪ ಕಡಿಮೆ ಬಿಸಿಯಲ್ಲಿ ಇಟ್ಟು ಆ ಸಾಲನ್ನು ಗಟ್ಟಿ ಮಾಡುತ್ತಾರೆ. ಆಮೇಲೆ ಮೊದಲು ತಣ್ಣಗಿರುವಾಗ ಸ್ವಲ್ಪ, ಆಮೇಲೆ ಬಿಸಿಯಲ್ಲಿ ಜಾಸ್ತಿ ಎಳೆಯುತ್ತಾರೆ. ಆಗ ತಟ್ಟೆಗಳ ನಡುವೆ ಸೀಳು ಬಿಡುತ್ತದೆ, ಅದೇ ತೂತು. ಯಾವ ದ್ರಾವಕವೂ ಬೇಡ. ಆದರೆ ಒಂದೇ ದಿಕ್ಕಿಗೆ ಎಳೆದದ್ದರಿಂದ ಅಡ್ಡಕ್ಕೆ ಬಲ ಕಡಿಮೆ. ನೀವು ಹರಿದು ನೋಡಿದಾಗ ಕಂಡದ್ದು ಇದನ್ನೇ.

ಒದ್ದೆ ವಿಧಾನದಲ್ಲಿ ಪಾಲಿಎಥಿಲೀನನ್ನು ಪ್ಯಾರಾಫಿನ್ ಎಣ್ಣೆಯ ಜೊತೆ ಬಿಸಿಯಲ್ಲಿ ಒಂದಾಗಿ ಬೆರೆಸುತ್ತಾರೆ. ಹಾಳೆ ತಣ್ಣಗಾಗುವಾಗ ಎಣ್ಣೆ ಬೇರೆ, ಪ್ಲಾಸ್ಟಿಕ್ ಬೇರೆ ಆಗುತ್ತವೆ, ಆದರೆ ಎಣ್ಣೆ ಒಳಗೇ ಸಣ್ಣ ಸಣ್ಣ ಗೂಡು ಮಾಡಿಕೊಂಡು ಕೂತಿರುತ್ತದೆ. ಎರಡೂ ದಿಕ್ಕಿಗೆ ಎಳೆದು, ಡೈಕ್ಲೋರೋಮೀಥೇನಿನಂಥ ದ್ರಾವಕದಲ್ಲಿ ಎಣ್ಣೆ ತೊಳೆದು ತೆಗೆದರೆ ಎಣ್ಣೆ ಇದ್ದ ಜಾಗವೆಲ್ಲ ತೂತು. ಕೊನೆಗೆ ಬಿಸಿಯಲ್ಲಿ ಬಿಗಿಹಿಡಿದು, ಆಮೇಲೆ ಕುಗ್ಗದಂತೆ ಮಾಡುತ್ತಾರೆ. ಆ ದ್ರಾವಕದ ಆವಿ ಕೆಟ್ಟದ್ದು. ಅದನ್ನು ಪೂರ್ತಿ ಹಿಡಿದು ಮತ್ತೆ ಬಳಸುವ ವ್ಯವಸ್ಥೆಗೇ ಬಹಳ ಖರ್ಚು, ಅದಕ್ಕೇ ಇದನ್ನು ಸಣ್ಣ ಶೆಡ್ಡಿನಲ್ಲಿ ಮಾಡುತ್ತೇನೆ ಅಂತ ಯಾರೂ ಹೊರಡಬೇಡಿ.

ಸೀಸದ ಬ್ಯಾಟರಿಯ ಪಾಲಿಎಥಿಲೀನ್ ಚೀಲವೂ ಇದೇ ಎಣ್ಣೆ ದಾರಿಯದ್ದು, ಜೊತೆಗೆ ಬಹಳಷ್ಟು ಸಿಲಿಕಾ ಪುಡಿ ಸೇರುತ್ತದೆ. ಪಾಲಿಎಥಿಲೀನಿಗೆ ನೀರು ಅಂಟುವುದಿಲ್ಲ, ಆಸಿಡ್ ಹೀರುವ ಕೆಲಸ ಸಿಲಿಕಾದ್ದು. ಇಲ್ಲಿ ಎಣ್ಣೆಯನ್ನು ಪೂರ್ತಿ ತೆಗೆಯುವುದಿಲ್ಲ, ಸ್ವಲ್ಪ ಉಳಿಸುತ್ತಾರೆ, ಅದು ಹಾಳೆಯನ್ನು ಪಾಸಿಟಿವ್ ಪ್ಲೇಟಿನ ಆಕ್ಸಿಡೀಕರಣದಿಂದ ಕಾಪಾಡುತ್ತದೆ. ಈ ಹಾಳೆಯ ಒಂದು ಮುಖದಲ್ಲಿ ಎತ್ತರದ ಗೆರೆಗಳಿರುತ್ತವೆ. ಆ ಗೆರೆ ಪಾಸಿಟಿವ್ ಕಡೆಗಿರಬೇಕು. ಒಂದು ಸಲ ಹೊರಗಡೆ ರಿಪೇರಿ ಆಗಿ ಬಂದ ಬ್ಯಾಟರಿ ಬಿಚ್ಚಿದೆ. ಅದರಲ್ಲಿ ಎಲ್ಲ ಗೆರೆಯೂ ನೆಗೆಟಿವ್ ಕಡೆಗಿತ್ತು. ಹಾಳೆಯ ನುಣುಪು ಮುಖ ಪಾಸಿಟಿವ್ ಪ್ಲೇಟಿಗೆ ಅಂಟಿ ಕೂತು ಅಲ್ಲಲ್ಲಿ ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ಚೂರಾಗುತ್ತಿತ್ತು. ಪ್ಲೇಟುಗಳು ಇನ್ನೂ ಚೆನ್ನಾಗಿದ್ದವು. ನೋಡಿ ನನಗೆ ಹೊಟ್ಟೆ ಉರಿಯಿತು, ಯಾಕೆಂದರೆ ಆ ಬ್ಯಾಟರಿಗೆ ಮನೆಯವರು ದುಡ್ಡು ಕೊಟ್ಟು ಎಂಟು ತಿಂಗಳೂ ಆಗಿರಲಿಲ್ಲ.

ಲಿಥಿಯಂ ಹಾಳೆಯಲ್ಲಿ ಇನ್ನೊಂದು ಜಾಣತನವಿದೆ. ಪಾಲಿಎಥಿಲೀನ್ ಸುಮಾರು 130-135 ಡಿಗ್ರಿಗೆ ಕರಗುತ್ತದೆ, ಪಾಲಿಪ್ರೊಪಿಲೀನ್ 165ರ ಹತ್ತಿರ. ಅದಕ್ಕೇ ಕೆಲವು ಹಾಳೆಗಳಲ್ಲಿ ನಡುವೆ ಪಾಲಿಎಥಿಲೀನ್, ಎರಡೂ ಬದಿ ಪಾಲಿಪ್ರೊಪಿಲೀನ್ ಇಡುತ್ತಾರೆ. ಸೆಲ್ ಮಿತಿಮೀರಿ ಬಿಸಿಯಾದರೆ ನಡುವಿನದು ಕರಗಿ ತೂತು ಮುಚ್ಚುತ್ತದೆ, ಹೊರಗಿನವು ಹಾಳೆಯನ್ನು ಹಿಡಿದು ನಿಲ್ಲಿಸುತ್ತವೆ. ಸೋನಿ 1991ರಲ್ಲಿ ಲಿಥಿಯಂ-ಅಯಾನ್ ಸೆಲ್ ಮಾರುಕಟ್ಟೆಗೆ ತಂದ ಮೇಲೆ ಹಾಳೆ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಾ 25 ಮೈಕ್ರಾನಿನಿಂದ 10ಕ್ಕಿಂತ ಕೆಳಗೂ ಇಳಿದಿದೆ. ತಲೆಕೂದಲು ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಮಾಡಿಕೊಳ್ಳಿ. ಇಷ್ಟು ತೆಳ್ಳಗಿನದಕ್ಕೆ ಬಲ ಬರಲಿ, ಬಿಸಿಗೆ ಕುಗ್ಗದಿರಲಿ ಅಂತ ಮೇಲೆ ಎರಡು ಮೂರು ಮೈಕ್ರಾನ್ ಅಲ್ಯೂಮಿನಾ ಲೇಪ ಕೊಡುತ್ತಾರೆ. ಹತ್ತಿ ಹಾಳೆ ಕರಗುವುದಿಲ್ಲ, ಕುಗ್ಗುವುದೂ ಇಲ್ಲ, ಆದರೆ ತೂತು ಮುಚ್ಚುವ ಈ ಗುಣ ಅದಕ್ಕಿಲ್ಲ.

ಸೆಲ್ ಕಟ್ಟಿ ನೋಡುವುದು

ಬೇಕಾದದ್ದು 3 ಸೆಂ.ಮೀ. ಚೌಕದ ಜಿಂಕ್ ತಗಡು, ಅಷ್ಟೇ ದೊಡ್ಡ ಗ್ರಾಫೈಟ್ ಹಾಳೆ, ಮ್ಯಾಂಗನೀಸ್ ಡೈಆಕ್ಸೈಡ್ ಪುಡಿ, ಗ್ರಾಫೈಟ್ ಪುಡಿ, ನವಸಾಗರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೇ, ಆದರೆ ಲ್ಯಾಬ್ ಸಾಮಾನಿನ ಅಂಗಡಿಯದ್ದು ಶುದ್ಧ ಇರುತ್ತದೆ. 20 ಗ್ರಾಂ ನವಸಾಗರವನ್ನು 100 ಮಿ.ಲೀ. ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ. ನಾಲ್ಕು ಪಾಲು ಮ್ಯಾಂಗನೀಸ್ ಡೈಆಕ್ಸೈಡಿಗೆ ಒಂದು ಪಾಲು ಗ್ರಾಫೈಟ್ ಬೆರೆಸಿ, ಆ ನೀರು ಹಾಕಿ ಗಟ್ಟಿ ಚಟ್ನಿಯ ಹದಕ್ಕೆ ಕಲಸಿ. ಪುಡಿ ಹಾರುತ್ತದೆ, ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಿ.

ಗ್ರಾಫೈಟ್ ಮೇಲೆ ಕಪ್ಪು ಹಿಟ್ಟನ್ನು ಎರಡು ಮಿ.ಮೀ. ದಪ್ಪ ಹರಡಿ. ಅದರ ಮೇಲೆ 4 ಸೆಂ.ಮೀ. ಚೌಕದ ಎರಡು ಹತ್ತಿ ಹಾಳೆ, ಗಂಜಿ ಮುಖ ಮೇಲಕ್ಕೆ. ಹಾಳೆ ಸುತ್ತಲೂ ಅರ್ಧ ಸೆಂ.ಮೀ. ಹೊರಗೆ ಚಾಚಿರಲೇಬೇಕು, ಹುಡುಗರು ಜಾಸ್ತಿ ತಪ್ಪು ಮಾಡುವುದು ಇಲ್ಲೇ, ಹಾಳೆಯನ್ನು ಜಿಂಕಿನಷ್ಟೇ ಅಳತೆಗೆ ಕತ್ತರಿಸಿ, ಅಂಚಿನಲ್ಲಿ ಕಪ್ಪು ಹಿಟ್ಟು ಜಿಂಕಿಗೆ ತಾಗಿಸಿಬಿಡುತ್ತಾರೆ. ಹಾಳೆಯನ್ನು ನವಸಾಗರದ ನೀರಿನಿಂದ ನೆನೆಸಿ, ಜಿಂಕ್ ಇಟ್ಟು, ಎರಡು ಪ್ಲಾಸ್ಟಿಕ್ ತುಂಡುಗಳ ನಡುವೆ ಬೈಂಡರ್ ಕ್ಲಿಪ್ ಹಾಕಿ. ಮಲ್ಟಿಮೀಟರ್ 1.5 ವೋಲ್ಟಿನ ಆಸುಪಾಸು ತೋರಿಸಬೇಕು.

ಹಾಳೆಯ ರೋಧವನ್ನು ಮಲ್ಟಿಮೀಟರಿನ ಓಮ್ ಗುಂಡಿಯಿಂದ ಅಳೆಯಲು ಹೋಗಬೇಡಿ, ಡಿಸಿ ಕರೆಂಟಿನಲ್ಲಿ ಅಂಕಿ ಓಡುತ್ತಲೇ ಇರುತ್ತದೆ. ಕಾಲೇಜಿನಲ್ಲಿ ಎಲ್‌ಸಿಆರ್ ಮೀಟರ್ (ಎಸಿ ಕರೆಂಟಿನಲ್ಲಿ ಅಳೆಯುವ ಉಪಕರಣ) ಇದ್ದರೆ 1 ಕಿಲೋಹರ್ಟ್ಸ್‌ನಲ್ಲಿ ಅಳೆಯಿರಿ. ಇಲ್ಲದಿದ್ದರೆ ಹೀಗೆ ಮಾಡಿ. ಖಾಲಿ ಇರುವಾಗಿನ ವೋಲ್ಟೇಜ್ ಬರೆದುಕೊಳ್ಳಿ, 100 ಓಮ್ ರೆಸಿಸ್ಟರ್ ಜೋಡಿಸಿ ಐದು ಸೆಕೆಂಡಿಗೆ ಮತ್ತೆ ನೋಡಿ. 1.50 ಇದ್ದದ್ದು 1.40ಕ್ಕೆ ಇಳಿದರೆ ಕರೆಂಟು 14 ಮಿಲಿಆಂಪಿಯರ್, ಕಳೆದ 0.10 ವೋಲ್ಟನ್ನು ಅದರಿಂದ ಭಾಗಿಸಿದರೆ ಒಳಗಿನ ರೋಧ ಸುಮಾರು 7 ಓಮ್. ಇದರಲ್ಲಿ ಹಿಟ್ಟು, ತಗಡು ಎಲ್ಲದರ ಪಾಲೂ ಇದೆ. ಹಾಗಾಗಿ ಬೇರೇನೂ ಬದಲಿಸದೆ ಹಾಳೆ ಮಾತ್ರ ಬದಲಿಸಿ ಹೋಲಿಸಿ, ಒಂದು ಹಾಳೆಗೆ, ಎರಡಕ್ಕೆ, ಮೂರಕ್ಕೆ. ಒಂದು ಹಾಳೆ ಸೇರಿಸಿದರೆ ಎಷ್ಟು ಓಮ್ ಏರುತ್ತದೋ ಅದೇ ಆ ಹಾಳೆಯ ಪಾಲು.

ಈ ಸೆಲ್ಲನ್ನು ಚಾರ್ಜ್ ಮಾಡಬೇಡಿ. ಚಾರ್ಜ್ ಮಾಡುವಾಗ ಜಿಂಕ್ ಸೂಜಿಯ ಹಾಗೆ ಬೆಳೆಯುತ್ತದೆ, ನಮ್ಮ ಹಾಳೆಯ ಅಗಲ ತೂತು ಅದನ್ನು ತಡೆಯಲಾರದು, ಅನಿಲವೂ ಹುಟ್ಟುತ್ತದೆ.

ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಮುಚ್ಚಿ ಒಂದು ದಿನ ಬಿಟ್ಟು ಮತ್ತೆ ವೋಲ್ಟೇಜ್ ನೋಡಿ. ಹಾಗೇ ಇದ್ದರೆ ಹಾಳೆ ತನ್ನ ಕೆಲಸ ಮಾಡಿದೆ. ಬಿದ್ದುಹೋಗಿದ್ದರೆ ಬೇಸರ ಮಾಡಿಕೊಳ್ಳದೆ ಬಿಚ್ಚಿ, ಜಿಂಕ್ ಕಡೆಯ ಹಾಳೆಯನ್ನು ಬಿಳಿ ತಟ್ಟೆಯ ಮೇಲೆ ಹರಡಿ. ನಡುವೆ ಒಂಟಿ ಕಪ್ಪು ಚುಕ್ಕೆ ಕಂಡರೆ ಅಲ್ಲಿ ತೂತಿತ್ತು, ಟಾರ್ಚ್ ಪರೀಕ್ಷೆ ಸರಿಯಾಗಿ ಆಗಿಲ್ಲ. ಅಂಚಿನಲ್ಲಿ ಕಪ್ಪು ಗೆರೆ ಇದ್ದರೆ ಹಾಳೆ ಚಿಕ್ಕದಾಯಿತು, ಇಲ್ಲವೇ ಹಿಟ್ಟು ನೀರಾಯಿತು. ಕಪ್ಪೇ ಇಲ್ಲ, ಹಾಳೆ ಒಣಗಿ ಗರಿಗರಿ ಆಗಿದೆ ಅಂದರೆ ನೀರು ಆರಿದೆ, ಮುಚ್ಚಿದ್ದು ಸಾಲಲಿಲ್ಲ. ಆ ಹಾಳೆಯನ್ನು ಬಿಸಾಡಬೇಡಿ, ತೊಳೆದು ಒಣಗಿಸಿ, ದಪ್ಪ, ತೂಕ, ಎಷ್ಟು ಹೊತ್ತು ಅರೆದಿರಿ, ತಾರೀಖು ಎಲ್ಲವನ್ನೂ ಅದರ ಅಂಚಿನಲ್ಲೇ ಬರೆದು ನೋಟ್‌ಬುಕ್ಕಿಗೆ ಅಂಟಿಸಿ, ಆಮೇಲೆ ಮುಂದಿನ ತಿರುಳನ್ನು ನೆನೆಹಾಕಿ.